ಹವಳದ ಮೇಲಿನ ಹೈಡ್ರಾಯ್ಡ್: ಕೀಳುವುದೋ, ಕೊಲ್ಲುವುದೋ, ಕಾಯುವುದೋ?

ಹವಳದ ಅಕ್ವೇರಿಯಂನಲ್ಲಿ ಹೈಡ್ರಾಯ್ಡ್ ಮೊದಲು ಕಣ್ಣಿಗೆ ಬೀಳುವುದು ಧೂಳೋ ಪಾಚಿಯೋ ಎಂಬಂತೆ. ಕಲ್ಲಿನ ಸಂದಿಯಲ್ಲಿ, ಜೋಆಂತಿಡ್ ಎಂಬ ಹವಳದ ಬಂಧುಗಳ ಗೊಂಚಲಿನ ಬುಡದಲ್ಲಿ, ಹೊಸದಾಗಿ ತಂದ ಹವಳದ ತುಂಡಿನ ಅಂಚಿನಲ್ಲಿ ಬಿಳಿಯ ಅಥವಾ ಕಂದುಬಣ್ಣದ ನವಿರು ಕೂದಲು ಎದ್ದಿರುತ್ತದೆ. ಭೂತಗನ್ನಡಿ ಹಿಡಿದು ನೋಡಿದರೆ ಆ ಕೂದಲಿನ ತುದಿಯಲ್ಲಿ ಒಂದು ಬಾಯಿ, ಬಾಯಿಯ ಸುತ್ತ ಬೇಟೆಗೆ ಕಾದಿರುವ ಎಳೆಗಳು. ಕೆಲವು ವಾರ ಕಳೆಯುವಷ್ಟರಲ್ಲಿ ಪಕ್ಕದ ಹವಳ ಮೊದಲಿನಂತೆ ಅರಳುವುದಿಲ್ಲ. ಅದರ ಅಂಚಿನ ಜೀವಂತ ಪದರ ಹಿಂದೆ ಸರಿದು, ಬಿಳಿಯ ಅಸ್ಥಿಪಂಜರ ಹೊರಗೆ ಕಾಣುತ್ತದೆ. ತೆರವಾದ ಜಾಗಕ್ಕೆ ಹೈಡ್ರಾಯ್ಡ್ ಹಬ್ಬುತ್ತದೆ.

ಇದನ್ನು ನಿಭಾಯಿಸುವುದು ಹೇಗೆ ಎಂಬ ಪ್ರಶ್ನೆಗೆ ಹವಳ ಸಾಕುವವರಲ್ಲಿ ಒಮ್ಮತವಿಲ್ಲ. ಕೆರೆದು ತೆಗೆಯಿರಿ ಎನ್ನುವವರಿದ್ದಾರೆ, ಮದ್ದು ಹಾಕಿ ಎನ್ನುವವರಿದ್ದಾರೆ, ಅದನ್ನು ತಿನ್ನುವ ಪ್ರಾಣಿಯನ್ನು ಬಿಡಿ ಎನ್ನುವವರೂ ಇದ್ದಾರೆ. ಆಹಾರ ಕಡಿಮೆ ಮಾಡಿ ಕಾಯಿರಿ ಎಂಬುದು ಇನ್ನು ಕೆಲವರ ಮಾತು. ಟ್ಯಾಂಕಿನೊಳಗೆ ಬಿಟ್ಟುಕೊಂಡದ್ದೇ ತಪ್ಪು ಎನ್ನುವವರು ಮತ್ತೆ ಬೇರೆ. ಪ್ರತಿ ಪಕ್ಷಕ್ಕೂ ತನ್ನದೇ ಗೆಲುವಿನ ಕಥೆಗಳಿವೆ, ಸೋಲಿನ ಕಥೆಗಳೂ ಇವೆ. ಈ ಲೇಖನ ಆ ಪಕ್ಷಗಳನ್ನೆಲ್ಲ ಎರಡು ಪ್ರಶ್ನೆಗಳಿಂದ ಅಳೆಯುತ್ತದೆ. ಒಂದು, ಈ ಉಪಾಯ ಹೈಡ್ರಾಯ್ಡ್‌ನ ಬುಡವನ್ನು ಮುಟ್ಟುತ್ತದೆಯೇ? ಎರಡು, ಹವಳವನ್ನು ಉಳಿಸುತ್ತದೆಯೇ? ಇವೆರಡಕ್ಕೂ ಒಟ್ಟಿಗೆ ಹೌದು ಎನ್ನುವ ಉಪಾಯ ಅಪರೂಪ. ವಾದ ಇಷ್ಟು ಕಾಲ ಎಳೆದಿರುವುದು ಅದರಿಂದಲೇ.

ಎದುರಿಗಿರುವ ಜೀವಿ ಯಾವುದು

ಹೈಡ್ರಾಯ್ಡ್‌ಗಳು ಹೈಡ್ರೊಜೋವಾ ಎಂಬ ವರ್ಗಕ್ಕೆ ಸೇರಿದವು. ಈ ವರ್ಗದಲ್ಲಿ 3,500ಕ್ಕೂ ಹೆಚ್ಚು ಪ್ರಭೇದಗಳಿವೆ. ಹವಳ, ಕಡಲ ಹೂವು, ಲೋಳೆಮೀನುಗಳಂತೆ ಇವೂ ಕುಟುಕುಕಣಗಳಿರುವ ನಿಡೇರಿಯಾ ವಂಶದವು. ಕುಟುಕುಕಣದೊಳಗೆ ಸುರುಳಿ ಸುತ್ತಿದ ಸೂಕ್ಷ್ಮ ಎಳೆಯೊಂದು ಇರುತ್ತದೆ. ಇದೇ ವರ್ಗದ ಸಿಹಿನೀರಿನ ಹೈಡ್ರಾದಲ್ಲಿ ಅದು ಸಿಡಿಯುವ ಮೊದಲ ಹಂತಕ್ಕೆ ಒಂದು ಮೈಕ್ರೊಸೆಕೆಂಡೂ ಬೇಡ ಎಂದು 2006ರಲ್ಲಿ ಅತಿವೇಗದ ಕ್ಯಾಮೆರಾ ಬಳಸಿ ಅಳೆದಿದ್ದಾರೆ. ಹವಳವನ್ನು ಸುಡುವುದು ಇಂಥ ಕಣಗಳೇ.

ಹೆಚ್ಚಿನ ಹೈಡ್ರಾಯ್ಡ್‌ಗಳು ಒಂಟಿಯಾಗಿ ಬದುಕುವುದಿಲ್ಲ. ನಮಗೆ ಕೂದಲಿನಂತೆ ಕಾಣುವ, ತುದಿಯಲ್ಲಿ ಬಾಯಿಯಿರುವ ಪಾಲಿಪ್‌ಗಳು ಕಲ್ಲಿಗೆ ಅಂಟಿ ಹಬ್ಬಿದ ಸ್ಟೋಲನ್ ಎಂಬ ನಾಳಗಳ ಜಾಲದಿಂದ ಎದ್ದ ಚಿಗುರುಗಳಷ್ಟೇ. ಒಂದು ಪಾಲಿಪ್ ನುಂಗಿದ ಆಹಾರ ಈ ನಾಳಗಳ ಮೂಲಕ ಇಡೀ ಗುಂಪಿಗೆ ಹಂಚಿಕೆಯಾಗುತ್ತದೆ. ಹಲವು ಪ್ರಭೇದಗಳಲ್ಲಿ ನಾಳದ ಮೇಲೆ ಕೈಟಿನ್‌ನ ಗಟ್ಟಿ ಹೊದಿಕೆಯೂ ಇರುತ್ತದೆ. ಹೊಲದ ಗರಿಕೆಯನ್ನು ಮೇಲಿಂದ ಸವರಿದರೆ ನೆಲದೊಳಗಿನ ಬಳ್ಳಿ ಮತ್ತೆ ಚಿಗುರುತ್ತದಲ್ಲ, ಇಲ್ಲಿಯೂ ಹಾಗೆಯೇ. ಪಾಲಿಪ್ ಸತ್ತ ಮಾತ್ರಕ್ಕೆ ಹೈಡ್ರಾಯ್ಡ್ ಸತ್ತಿತೆಂದು ತಿಳಿಯುವಂತಿಲ್ಲ.

ಟ್ಯಾಂಕಿನಲ್ಲಿ ಕಾಣುವ ಹೈಡ್ರಾಯ್ಡ್‌ಗಳೆಲ್ಲ ಒಂದೇ ಬಗೆಯವಲ್ಲ ಎಂಬುದೂ ಅಷ್ಟೇ ಮುಖ್ಯ. ಮಿರಿಯೊನೀಮಾ ಕುಲದ ಕಂದು ಹೈಡ್ರಾಯ್ಡ್ ತನ್ನ ಮೈಯೊಳಗೆ ಹವಳದಂತೆಯೇ ಸಹಜೀವಿ ಪಾಚಿಗಳನ್ನು ಇಟ್ಟುಕೊಂಡಿದೆ, ಬೆಳಕಿನಿಂದಲೂ ಆಹಾರ ಪಡೆಯುತ್ತದೆ. ಹೈಡ್ರಾಕ್ಟಿನಿಯಾದ ಬಳಗದವು ಚಾಪೆಯಂತೆ ಹರಡುತ್ತವೆ. ಇನ್ನು ಕೆಲವು ಜೇಡರ ಬಲೆಯ ಎಳೆಗಳಂತೆ ತೆಳುವಾಗಿ ನೀರಿಗೆ ಚಾಚಿರುತ್ತವೆ. ಸ್ಟಾರೊಕ್ಲಾಡಿಯಾದಂಥವುಗಳ ಪುಟ್ಟ ಮೆಡುಸಾಗಳು, ಅಂದರೆ ಲೋಳೆಮೀನಿನಂಥ ರೂಪಗಳು, ಗಾಜಿನ ಮೇಲೆ ನಕ್ಷತ್ರದಂತೆ ತೆವಳುತ್ತವೆ, ಅವುಗಳಿಂದ ಹವಳಕ್ಕೆ ಹೇಳಿಕೊಳ್ಳುವಂಥ ತೊಂದರೆಯಿಲ್ಲ. ಇವೆಲ್ಲವನ್ನೂ ಹೈಡ್ರಾಯ್ಡ್ ಎಂಬ ಒಂದೇ ಹೆಸರಿನಡಿ ಚರ್ಚಿಸುವುದರಿಂದ, ಒಬ್ಬರಿಗೆ ಫಲಿಸಿದ ಉಪಾಯ ಇನ್ನೊಬ್ಬರಿಗೆ ಕೈಕೊಡುತ್ತದೆ.

ಪ್ರಶ್ನೆಯ ಹಿಂದಿನ ಕಥೆ

ಈ ಜೀವಿಗಳ ಮರುಹುಟ್ಟಿನ ಶಕ್ತಿ ವಿಜ್ಞಾನಕ್ಕೆ ಗೊತ್ತಾಗಿ ಎರಡೂಮುಕ್ಕಾಲು ಶತಮಾನ ದಾಟಿದೆ. ಹೇಗ್ ನಗರದ ಹತ್ತಿರ ಬೆಂಟಿಂಕ್ ಮನೆತನದ ಮಕ್ಕಳಿಗೆ ಪಾಠ ಹೇಳುತ್ತಿದ್ದ ಜಿನೀವಾದ ಅಬ್ರಹಾಂ ಟ್ರೆಂಬ್ಲೆ 1740ರಿಂದ ಸಿಹಿನೀರಿನ ಹೈಡ್ರಾವನ್ನು ಕತ್ತರಿಸಿ ನೋಡತೊಡಗಿದ. ಪ್ರತಿ ತುಂಡೂ ಪೂರ್ಣ ಜೀವಿಯಾಗಿ ಬೆಳೆಯಿತು. 1744ರಲ್ಲಿ ಅವನ ಗ್ರಂಥ ಪ್ರಕಟವಾದಾಗ ಯೂರೋಪಿನ ವಿದ್ವಾಂಸರು ಬೆರಗಾದರು. ಹೈಡ್ರಾಯ್ಡ್ ಮತ್ತು ಮೆಡುಸಾ ಒಂದೇ ಜೀವನಚಕ್ರದ ಎರಡು ರೂಪಗಳೆಂಬುದು ಸ್ಪಷ್ಟವಾಗಲು ಇನ್ನೂ ಒಂದು ಶತಮಾನ ಬೇಕಾಯಿತು. ಡೆನ್ಮಾರ್ಕಿನ ಸ್ಟೀನ್‌ಸ್ಟ್ರುಪ್ ತಲೆಮಾರುಗಳ ಪರ್ಯಾಯದ ಸಿದ್ಧಾಂತವನ್ನು ಮಂಡಿಸಿದ್ದು 1842ರಲ್ಲಿ.

ಹೈಡ್ರಾಯ್ಡ್ ಪೀಡೆಯೆಂದು ಹೆಸರಾದದ್ದು ಮೊದಲು ಮನೆಯ ಟ್ಯಾಂಕಿನಲ್ಲಲ್ಲ, ಸಾಕಣೆ ಕೇಂದ್ರಗಳಲ್ಲಿ. ಸೀಗಡಿ, ಏಡಿಗಳ ಮರಿಗಳನ್ನು ಮುಚ್ಚಿದ ನೀರಿನ ವ್ಯವಸ್ಥೆಯಲ್ಲಿ ಬೆಳೆಸುವಾಗ ಹೈಡ್ರೊಜೋವಾಗಳು ಹೇಗೆ ಪೀಡೆಯಾಗುತ್ತವೆಂದು ಸ್ಯಾಂಡಿಫರ್, ಸ್ಮಿತ್ ಮತ್ತು ಕಾಲ್ಡರ್ 1974ರಲ್ಲಿಯೇ ಬರೆದರು. ಆ ಮರಿಗಳಿಗೆಂದು ಹಾಕುವ ಆರ್ಟೀಮಿಯಾ ಎಂಬ ಪುಟ್ಟ ಉಪ್ಪುನೀರಿನ ಸೀಗಡಿಯ ಮರಿಗಳೇ ಹೈಡ್ರಾಯ್ಡ್‌ಗೂ ಹಬ್ಬದೂಟ. ಪ್ರಯೋಗಾಲಯದಲ್ಲಿ ಹೈಡ್ರಾವನ್ನು ಲೆಕ್ಕವಿಲ್ಲದಷ್ಟು ಬೆಳೆಸುವ ವಿಧಾನವನ್ನು ಲೂಮಿಸ್ ಮತ್ತು ಲೆನ್‌ಹಾಫ್ 1956ರಲ್ಲಿ ಪ್ರಕಟಿಸಿದಾಗ ಅದಕ್ಕೆ ಕೊಟ್ಟ ಆಹಾರವೂ ಆರ್ಟೀಮಿಯಾವೇ. ಕಡಲಕುದುರೆಯ ಮರಿಗಳನ್ನು ಸಾಕುವವರಿಗೆ ಹೈಡ್ರಾಯ್ಡ್ ಇಂದಿಗೂ ದೊಡ್ಡ ಭಯವಾಗಿರುವುದು ಇದೇ ಕಾರಣಕ್ಕೆ.

ಮನೆಯ ಹವಳದ ಟ್ಯಾಂಕಿಗೆ ಅದು ಕಾಲಿಟ್ಟದ್ದು ಲೈವ್ ರಾಕ್, ಅಂದರೆ ಸಮುದ್ರದ ಜೀವಿಗಳು ನೆಲೆಸಿದ ಜೀವಂತ ಕಲ್ಲಿನ ಜೊತೆಗೆ. ಜಕಾರ್ತಾದ ಲೀ ಚಿನ್ ಎಂಗ್ ಜೀವಂತ ಕಲ್ಲು ಮತ್ತು ಸಮುದ್ರದ ನೀರಿನಿಂದಲೇ ಟ್ಯಾಂಕ್ ನಡೆಸುವ ತನ್ನ ವಿಧಾನವನ್ನು 1961ರಲ್ಲಿ ಜಗತ್ತಿಗೆ ತಿಳಿಸಿದ. ಮುಂದೆ ಬರ್ಲಿನ್ನಿನ ಹವ್ಯಾಸಿಗಳು ಲೈವ್ ರಾಕ್, ನೊರೆಯ ಮೂಲಕ ಕಲ್ಮಶ ತೆಗೆಯುವ ಪ್ರೋಟೀನ್ ಸ್ಕಿಮ್ಮರ್, ಪ್ರಖರ ಬೆಳಕು ಈ ಮೂರನ್ನು ಕೂಡಿಸಿ ಹವಳ ಸಾಕುವ ದಾರಿಯನ್ನು ಗಟ್ಟಿಗೊಳಿಸಿದರು. ನೀರನ್ನು ಶುದ್ಧಗೊಳಿಸುವ ಬ್ಯಾಕ್ಟೀರಿಯಾಗಳನ್ನು ತಂದುಕೊಟ್ಟ ಅದೇ ಕಲ್ಲು ಹೈಡ್ರಾಯ್ಡ್‌ನ ಸ್ಟೋಲನ್ ಚೂರುಗಳನ್ನೂ ಹೊತ್ತು ತಂದಿತು. ಆಮೇಲೆ ಹವಳವನ್ನು ಕತ್ತರಿಸಿ ತುಂಡುಗಳನ್ನು ಮಾರುವ, ಹಂಚಿಕೊಳ್ಳುವ ರೂಢಿ ಬೆಳೆಯಿತು. ತುಂಡು ಮನೆಯಿಂದ ಮನೆಗೆ ಸಾಗಿದಂತೆ ಹೈಡ್ರಾಯ್ಡ್ ಕೂಡ ಸಾಗಿತು.

ಕೀಳುವವರು

ಎಲ್ಲಕ್ಕಿಂತ ಹಳೆಯ ಪಕ್ಷ ಇವರದು. ಹವಳದ ತುಂಡನ್ನು ಟ್ಯಾಂಕಿನಿಂದ ಹೊರಗೆ ತೆಗೆಯುವುದು, ಗಡುಸು ಬ್ರಷ್‌ನಿಂದಲೋ ಸ್ಕಾಲ್ಪೆಲ್‌ನಿಂದಲೋ ಬುಡವನ್ನು ಕೆರೆಯುವುದು, ಉಳಿದದ್ದರ ಮೇಲೆ ಸೂಪರ್ ಗ್ಲೂ ಜೆಲ್ ಅಥವಾ ಎಪಾಕ್ಸಿ ಮೆತ್ತಿ ಉಸಿರುಗಟ್ಟಿಸುವುದು. ಸೋಂಕು ಒಂದೆರಡು ಕಲ್ಲುಗಳಲ್ಲಿ ಮಾತ್ರ ಇದ್ದಾಗ ಇದು ಫಲ ಕೊಡುತ್ತದೆ. ಇನ್ನೂ ಕಟ್ಟುನಿಟ್ಟಿನವರು ಹಳೆಯ ಬುಡವನ್ನೇ ಎಸೆದು, ಹವಳದ ಆರೋಗ್ಯವಂತ ಭಾಗವನ್ನಷ್ಟೇ ಕತ್ತರಿಸಿ ಹೊಸ ಬುಡಕ್ಕೆ ಅಂಟಿಸುತ್ತಾರೆ. ಕವಲೊಡೆಯುವ ಗಟ್ಟಿ ಹವಳಗಳಿಗೆ ಇದಕ್ಕಿಂತ ನಂಬಿಕೆಯ ದಾರಿ ಮತ್ತೊಂದಿಲ್ಲ. ಸ್ಟೋಲನ್ ಇರುವ ಜಾಗವೇ ಇಲ್ಲವಾಗುತ್ತದೆ.

ಆದರೆ ಟ್ಯಾಂಕಿನೊಳಗೇ ಕೆರೆದರೆ ಫಲ ತಿರುಗುಮುರುಗಾಗುತ್ತದೆ. ಹರಿದ ಚೂರುಗಳು ನೀರಿನ ಸೆಳೆತಕ್ಕೆ ಸಿಕ್ಕಿ ಹೊಸ ಜಾಗ ಹುಡುಕಿಕೊಳ್ಳುತ್ತವೆ. ನಾರ್ವೆಯ ಸಾಲ್ಮನ್ ಸಾಕಣೆಯಲ್ಲಿ ಇದೇ ಪಾಠ ದೊಡ್ಡ ಪ್ರಮಾಣದಲ್ಲಿ ಸಿಕ್ಕಿದೆ. ಅಲ್ಲಿನ ಬಲೆಗಳನ್ನು ಮುಚ್ಚಿಬಿಡುವ ಎಕ್ಟೊಪ್ಲೂರಾ ಲ್ಯಾರಿಂಕ್ಸ್ ಎಂಬ ಹೈಡ್ರಾಯ್ಡ್ ರಭಸದ ನೀರಿನಿಂದ ಬಲೆ ತೊಳೆದ ಮೇಲೂ ಉಳಿದ ಬುಡದಿಂದ ಮತ್ತೆ ಬೆಳೆಯುತ್ತದೆಂದು 2010ರಲ್ಲಿ ವಿಜ್ಞಾನಿಗಳು ದಾಖಲಿಸಿದರು.

ಕೀಳುವಾಗ ಕೈ ಮತ್ತು ಕಣ್ಣಿನ ರಕ್ಷಣೆ ಕಡ್ಡಾಯ. ಹೈಡ್ರಾಯ್ಡ್ ಹೆಚ್ಚಾಗಿ ಕಾಣುವ ಜೋಆಂತಿಡ್‌ಗಳಲ್ಲಿ ಕೆಲವು ಪಾಲಿಟಾಕ್ಸಿನ್ ಎಂಬ ಘೋರ ವಿಷ ಹೊಂದಿವೆ. 1971ರಲ್ಲಿ ಅದನ್ನು ಬೇರ್ಪಡಿಸಿದ್ದು ಹವಾಯಿಯ ಪಾಲಿಥೋವಾ ಕುಲದ ಜೀವಿಯಿಂದ. ಅಂಥ ಕಲ್ಲನ್ನು ಕುದಿಸುವುದು, ಒಣಗಿದಾಗ ಕೆರೆಯುವುದು, ರಭಸದ ನೀರು ಹಾಯಿಸುವುದು ಎಂದಿಗೂ ಕೂಡದು. ಆವಿ ಮತ್ತು ಹನಿಗಳ ಮೂಲಕ ಮನೆಮಂದಿಯೆಲ್ಲ ಅಸ್ವಸ್ಥರಾದ ಪ್ರಸಂಗಗಳು ವೈದ್ಯಕೀಯ ದಾಖಲೆಗಳಲ್ಲಿವೆ.

ಮದ್ದು ಹಾಕುವವರು

ಮದ್ದಿನ ಪಕ್ಷದಲ್ಲಿ ಎರಡು ಕವಲುಗಳಿವೆ. ಹೈಡ್ರಾಯ್ಡ್ ಇರುವ ಜಾಗಕ್ಕಷ್ಟೇ ಮದ್ದು ಎನ್ನುವವರು ಒಂದು ಕವಲು. ಔಷಧದಂಗಡಿಯಲ್ಲಿ ಸಿಗುವ 3 ಶೇಕಡಾ ಹೈಡ್ರೋಜನ್ ಪೆರಾಕ್ಸೈಡನ್ನು ತುಂಡಿನ ಬುಡಕ್ಕೆ ಬ್ರಷ್‌ನಿಂದ ಹಚ್ಚುವುದು, ಕ್ಯಾಲ್ಸಿಯಂ ಹೈಡ್ರಾಕ್ಸೈಡನ್ನು ಗಟ್ಟಿಯಾಗಿ ಕಲಸಿ ಸಿರಿಂಜಿನಿಂದ ಮೆತ್ತುವುದು ಇವರ ವಿಧಾನ. ಪೆರಾಕ್ಸೈಡ್ ಬಿದ್ದ ಪಾಲಿಪ್ ಬೇಗ ಕರಗುತ್ತದೆ. ಆದರೆ ಕೈಟಿನ್ ಹೊದಿಕೆಯೊಳಗಿನ, ಕಲ್ಲಿನ ರಂಧ್ರದೊಳಗಿನ ಜೀವಕ್ಕೆ ಅದು ಎಷ್ಟು ತಲುಪಿತೆಂದು ಕಣ್ಣಿನಿಂದ ತಿಳಿಯುವಂತಿಲ್ಲ. ಆದ್ದರಿಂದ ಈ ಕವಲಿನ ಅನುಭವಿಗಳು ಒಂದೇ ಸಲಕ್ಕೆ ನಿಲ್ಲಿಸದೆ, ಹೊಸ ಚಿಗುರು ಕಂಡಾಗಲೆಲ್ಲ ಮತ್ತೆ ಹಚ್ಚುತ್ತಾರೆ.

ಇಡೀ ಟ್ಯಾಂಕಿಗೇ ಮದ್ದು ಎನ್ನುವುದು ಇನ್ನೊಂದು ಕವಲು. ಇಲ್ಲಿ ಮುಖ್ಯ ಹೆಸರು ಫೆನ್‌ಬೆಂಡಜೋಲ್, ನಾಯಿ ದನಗಳಿಗೆ ಕೊಡುವ ಜಂತುಹುಳದ ಔಷಧ. ಹುಳುಗಳ ಜೀವಕೋಶದಲ್ಲಿರುವ ಟ್ಯೂಬುಲಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡು ಅದು ಕೆಲಸ ಮಾಡುತ್ತದೆ. ಸಿಹಿನೀರಿನ ಸೀಗಡಿ ಟ್ಯಾಂಕುಗಳಲ್ಲಿ ಹೈಡ್ರಾ ಕೊಲ್ಲಲು, ಕುಬ್ಜ ಕಡಲಕುದುರೆಗಳ ಟ್ಯಾಂಕಿನಲ್ಲಿ ಹೈಡ್ರಾಯ್ಡ್ ಕೊಲ್ಲಲು ಅದನ್ನು ಬಹಳ ಕಾಲದಿಂದ ಬಳಸುತ್ತಿದ್ದಾರೆ. ನೀರಿನಲ್ಲೆಲ್ಲ ಹರಡುವುದರಿಂದ ಬ್ರಷ್ ಹೋಗದ ಸಂದಿಗೂ ಅದು ಹೋಗುತ್ತದೆ. ಬುಡ ಮುಟ್ಟುತ್ತದೆಯೇ ಎಂಬ ಮೊದಲ ಪ್ರಶ್ನೆಗೆ ಮದ್ದುಗಳಲ್ಲಿ ಹೆಚ್ಚು ಭರವಸೆಯ ಉತ್ತರ ಈ ಕವಲಿನದೇ.

ಎರಡನೆಯ ಪ್ರಶ್ನೆಯಲ್ಲಿ ಅದು ಸೋಲುತ್ತದೆ. ಕಲ್ಲಿನಲ್ಲಿರುವ ಬಿರುಗೂದಲಿನ ಹುಳುಗಳು, ಗರಿಹುಳುಗಳು ಅದರಿಂದ ಸಾಯುತ್ತವೆ. ಜೆನಿಯಾ, ಸ್ಟಾರ್ ಪಾಲಿಪ್‌ನಂಥ ಮೃದು ಹವಳಗಳು ನಲುಗಿದ ಅನುಭವಗಳೂ ಇವೆ. ಒಮ್ಮೆಗೇ ಸತ್ತ ಹುಳುಗಳು ಕೊಳೆತು ಅಮೋನಿಯಾ ಏರಿ ಟ್ಯಾಂಕೇ ಕುಸಿಯುವ ಅಪಾಯವಿದೆ. ಔಷಧ ಕಲ್ಲಿನಲ್ಲಿ ಉಳಿದುಕೊಂಡು ಬಹಳ ಕಾಲದ ಮೇಲೂ ಬಸವನಹುಳುಗಳಿಗೆ ತೊಂದರೆ ಕೊಡುತ್ತದೆ ಎಂಬುದು ಬಳಸಿದವರ ದೂರು. ಶತ್ರುವೂ ಹವಳವೂ ಒಂದೇ ವಂಶದವು ಎಂಬ ಮೂಲ ತೊಡಕು ಇಲ್ಲಿ ಎದ್ದು ಕಾಣುತ್ತದೆ. ಒಂದನ್ನು ಮಾತ್ರ ಆರಿಸಿ ಕೊಲ್ಲುವ ಮದ್ದು ಸುಲಭಕ್ಕೆ ಸಿಗುವುದಿಲ್ಲ. ಬಳಸಲೇಬೇಕೆಂದರೆ ಹವಳದ ತುಂಡನ್ನು ಬೇರೆ ಪಾತ್ರೆಗೆ ಒಯ್ದು, ಮೊದಲು ಒಂದು ತುಂಡಿನಲ್ಲಿ ನೋಡಿ, ಆಮೇಲೆ ಉಳಿದವಕ್ಕೆ ಕೊಡುವುದೇ ವಿವೇಕ.

ಶತ್ರುವಿನ ಶತ್ರುವನ್ನು ನಂಬುವವರು

ಸಮುದ್ರದಲ್ಲಿ ಹೈಡ್ರಾಯ್ಡ್‌ಗಳನ್ನು ತಿನ್ನುವವರಿಗೆ ಕೊರತೆಯಿಲ್ಲ. ಚಿಪ್ಪಿಲ್ಲದ ಬಣ್ಣದ ಬಸವನಹುಳುಗಳಾದ ನ್ಯೂಡಿಬ್ರಾಂಕ್‌ಗಳಲ್ಲಿ ಡೋಟೊ ಕುಲದವು ಹೈಡ್ರಾಯ್ಡ್‌ಗಳನ್ನೇ ತಿಂದು ಬದುಕುತ್ತವೆ. ಕಡಲ ಜೇಡಗಳಲ್ಲಿಯೂ ಅಂಥವಿವೆ. ಐಪ್ಟೇಸಿಯಾ ಎಂಬ ಕಡಲ ಹೂವಿನ ಕಾಟ ತಗ್ಗಿಸಲು ಬರ್ಗಿಯಾ ನ್ಯೂಡಿಬ್ರಾಂಕ್ ನೆರವಾದದ್ದನ್ನು ಕಂಡವರು, ಹೈಡ್ರಾಯ್ಡ್‌ಗೂ ಅಂಥದ್ದೊಂದು ಸಿಗಬೇಕೆಂದು ಆಶಿಸುವುದು ಸಹಜ.

ಆಶೆಗೆ ಅಡ್ಡ ಬರುವುದು ನ್ಯೂಡಿಬ್ರಾಂಕ್‌ಗಳ ಊಟದ ಹಟ. ಹೆಚ್ಚಿನವು ಒಂದೆರಡು ಬಗೆಯ ಹೈಡ್ರಾಯ್ಡ್ ಬಿಟ್ಟರೆ ಬೇರೆಯದನ್ನು ಮೂಸುವುದಿಲ್ಲ. ಹಾಗಾಗಿ ನಮ್ಮ ಟ್ಯಾಂಕಿನ ಹೈಡ್ರಾಯ್ಡ್ ಯಾವುದೆಂದು ತಿಳಿಯದೆ ತಂದ ಪ್ರಾಣಿ ಹಸಿದು ಸಾಯುತ್ತದೆ. ಇನ್ನೂ ಒಂದು ಸೂಕ್ಷ್ಮವಿದೆ. ಮೆಡಿಟರೇನಿಯನ್‌ನ ಕ್ರಟೇನಾ ಪೆರೆಗ್ರೀನಾ ಎಂಬ ನ್ಯೂಡಿಬ್ರಾಂಕ್ ಯೂಡೆಂಡ್ರಿಯಂ ಹೈಡ್ರಾಯ್ಡ್‌ನಲ್ಲಿ ಆಗತಾನೆ ಬೇಟೆ ನುಂಗಿದ ಪಾಲಿಪ್‌ಗಳನ್ನೇ ಹೆಚ್ಚಾಗಿ ಆರಿಸಿ ತಿನ್ನುತ್ತದೆಂದು 2017ರಲ್ಲಿ ಟ್ರೆವರ್ ವಿಲ್ಲಿಸ್ ಮತ್ತು ಸಂಗಡಿಗರು ತೋರಿಸಿದರು. ಪಾಲಿಪ್‌ನ ಜೊತೆಗೆ ಅದರ ಹೊಟ್ಟೆಯಲ್ಲಿರುವ ಬೇಟೆಯೂ ಅದಕ್ಕೆ ದಕ್ಕುತ್ತದೆ. ಪಾಲಿಪ್‌ಗಳನ್ನು ಮೇಯುತ್ತ ಗುಂಪನ್ನು ಉಳಿಸಿಕೊಳ್ಳುವುದು ಇಂಥ ಪ್ರಾಣಿಗೆ ಲಾಭ. ಟ್ಯಾಂಕಿನ ಒಡೆಯನಿಗೆ ಬೇಕಾದದ್ದು ಗುಂಪಿನ ನಿರ್ಮೂಲನೆ. ಜೈವಿಕ ನಿಯಂತ್ರಣ ಹೈಡ್ರಾಯ್ಡ್‌ಗಳ ಸಂಖ್ಯೆಯನ್ನು ಹಿಡಿತದಲ್ಲಿ ಇಡಬಲ್ಲದು, ಆದರೆ ಅದರಿಂದ ನಿರ್ಮೂಲನೆಯನ್ನು ನಿರೀಕ್ಷಿಸುವುದು ಕಷ್ಟ.

ಹಸಿವಿಗೆ ಬಿಡುವವರು

ಹೈಡ್ರಾಯ್ಡ್ ಹೆಚ್ಚಾಗುವುದು ಟ್ಯಾಂಕಿನ ಸಮತೋಲ ತಪ್ಪಿದ್ದರ ಲಕ್ಷಣ, ಲಕ್ಷಣಕ್ಕೆ ಮದ್ದು ಬೇಡ, ಕಾರಣವನ್ನು ಸರಿಪಡಿಸಿ ಎಂಬುದು ಈ ಪಕ್ಷದ ನಿಲುವು. ಆರ್ಟೀಮಿಯಾ ಮರಿಗಳು, ಪುಡಿ ಆಹಾರ, ನೀರಿನಲ್ಲಿ ತೇಲುವ ಸಣ್ಣ ತಿನಿಸುಗಳನ್ನು ನಿಲ್ಲಿಸಿ, ಸ್ಕಿಮ್ಮರ್ ಚೆನ್ನಾಗಿ ನಡೆಸಿ, ಹವಳಕ್ಕೆ ಬೇಕಾದದ್ದನ್ನು ಬೆಳಕು ಕೊಡಲಿ ಎನ್ನುತ್ತಾರೆ. ಹೊಸ ಟ್ಯಾಂಕುಗಳಲ್ಲಿ ಉಕ್ಕಿ ಬಂದ ಹೈಡ್ರಾಯ್ಡ್, ಟ್ಯಾಂಕ್ ಪಳಗಿದ ಮೇಲೆ ತಾನಾಗಿಯೇ ಇಳಿದ ಉದಾಹರಣೆಗಳು ಇವರ ಬೆನ್ನಿಗಿವೆ. ಹವಳಕ್ಕೆ ಎಲ್ಲಕ್ಕಿಂತ ಕಡಿಮೆ ಹಾನಿಯಾಗುವ ದಾರಿಯೂ ಇದೇ.

ಆದರೂ ಎರಡು ಆಕ್ಷೇಪಗಳಿಗೆ ಈ ಪಕ್ಷ ಪೂರ್ಣ ಉತ್ತರ ಕೊಟ್ಟಿಲ್ಲ. ಮಿರಿಯೊನೀಮಾದಂಥ, ಬೆಳಕನ್ನೂ ಉಣ್ಣುವ ಹೈಡ್ರಾಯ್ಡ್ ಇದ್ದರೆ ಬರೀ ಉಪವಾಸ ಸಾಲದು. ಇನ್ನೊಂದು ಆಕ್ಷೇಪ ಕಾಲ್ಡರ್ ನಡೆಸಿದ ಅಧ್ಯಯನದಿಂದ ಬರುತ್ತದೆ. ವರ್ಜೀನಿಯಾ ಮತ್ತು ದಕ್ಷಿಣ ಕೆರೊಲಿನಾದ ಕರಾವಳಿಯ ಹಲವು ಹೈಡ್ರಾಯ್ಡ್‌ಗಳು ಪ್ರತಿಕೂಲ ಋತುವಿನಲ್ಲಿ ಪಾಲಿಪ್‌ಗಳನ್ನು ಕಳಚಿಕೊಂಡು, ಸ್ಟೋಲನ್‌ನೊಳಗೆ ಸುಪ್ತವಾಗಿ ಉಳಿದು, ಕಾಲ ಒದಗಿದಾಗ ಮತ್ತೆ ಚಿಗುರುತ್ತವೆಂದು ಅವರು 1990ರಲ್ಲಿ ವಿವರಿಸಿದರು. ಟ್ಯಾಂಕಿನಲ್ಲಿಯೂ ಹೀಗೆಯೇ ಆಗುವುದಾದರೆ, ಹೈಡ್ರಾಯ್ಡ್ ಮಾಯವಾಯಿತೆಂದು ಹೇಳುವ ಕಥೆಗಳಲ್ಲಿ ಕೆಲವಾದರೂ ಬರೀ ನಿದ್ರೆಯ ಕಥೆಗಳಿರಬೇಕು.

ಬಾಗಿಲಲ್ಲೇ ತಡೆಯುವವರು

ಈ ಎಲ್ಲ ಜಗಳವೂ ತಡವಾಗಿ ಶುರುವಾದದ್ದು ಎಂಬುದು ಐದನೆಯ ಪಕ್ಷದ ವಾದ. ಲೈವ್ ರಾಕ್ ಬದಲು ಒಣ ಕಲ್ಲಿನಿಂದ ಟ್ಯಾಂಕ್ ಕಟ್ಟುವುದು, ಹೊಸ ಹವಳವನ್ನು ಬೇರೆ ಟ್ಯಾಂಕಿನಲ್ಲಿಟ್ಟು ವಾರಗಟ್ಟಲೆ ನೋಡುವುದು, ತುಂಡಿನ ಜೊತೆ ಬಂದ ಬುಡವನ್ನು ಎಸೆಯುವುದು ಇವರ ನಿಯಮ. ಬುಡವೇ ಒಳಗೆ ಬಾರದಿದ್ದರೆ ಮೊದಲ ಪ್ರಶ್ನೆ ಏಳುವುದೇ ಇಲ್ಲ ಎಂಬುದು ಇವರ ಬಲ. ಒಣ ಕಲ್ಲಿನ ಟ್ಯಾಂಕಿಗೆ ಸಮುದ್ರದ ಜೀವವೈವಿಧ್ಯ ಬಾರದೆ, ಖಾಲಿ ಜಾಗವನ್ನು ಪಾಚಿಗಳೂ ಮೊದಲು ಹೊಕ್ಕ ಪೀಡೆಯೂ ಸುಲಭವಾಗಿ ಆಕ್ರಮಿಸುತ್ತವೆ ಎಂಬುದು ಲೈವ್ ರಾಕ್ ಪರ ಇರುವವರ ಉತ್ತರ. ಒಂದೇ ಒಂದು ಚೂರು ಒಳಗೆ ಬಂದರೂ ಅದಕ್ಕೆ ಸ್ಪರ್ಧಿಗಳಿಲ್ಲದ ಬಯಲು ಸಿಗುತ್ತದೆ ಎಂಬ ಈ ಆತಂಕವನ್ನು ತಳ್ಳಿಹಾಕುವಂತಿಲ್ಲ.

ತಡೆಯ ಹೊಣೆ ಹೊರಹೋಗುವ ನೀರಿನ ವಿಷಯದಲ್ಲಿಯೂ ಇದೆ. ಮೊನಾಕೊದ ತೀರದಲ್ಲಿ 1984ರಲ್ಲಿ ಕಂಡ ಕಾಲರ್ಪಾ ಪಾಚಿ ಅಕ್ವೇರಿಯಂ ಮೂಲದ್ದಾಗಿದ್ದು, ಮುಂದೆ ಮೆಡಿಟರೇನಿಯನ್‌ನ ಹಲವು ತೀರಗಳಿಗೆ ಹಬ್ಬಿತು. ಹೈಡ್ರಾಯ್ಡ್ ಇರುವ ಕಲ್ಲನ್ನಾಗಲಿ ನೀರನ್ನಾಗಲಿ ಹೊಳೆಗೆ, ಅಳಿವೆಗೆ, ಕಡಲಿಗೆ ಸುರಿಯಬಾರದು.

ನಮ್ಮ ಕರಾವಳಿಗೆ ಸಂಬಂಧಿಸಿದ ಮಾತೂ ಇಲ್ಲಿಯೇ ಬರುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ 2001ರಲ್ಲಿ ದಿಬ್ಬ ಕಟ್ಟುವ ಹವಳಗಳು ಸೇರಿದವು. ಮುರುಡೇಶ್ವರದಾಚೆಯ ನೇತ್ರಾಣಿಯಿಂದಾಗಲಿ ಲಕ್ಷದ್ವೀಪದಿಂದಾಗಲಿ ಜೀವಂತ ಹವಳ ತರುವುದು ಅಪರಾಧ. ಅದೇ ಪಟ್ಟಿಯಲ್ಲಿ ಬೆಂಕಿ ಹವಳವೂ ಇತ್ತು. ಹವಳದಂತೆ ಸುಣ್ಣದ ದಿಬ್ಬ ಕಟ್ಟಿದರೂ ಬೆಂಕಿ ಹವಳ ನಿಜಕ್ಕೂ ಹೈಡ್ರೊಜೋವಾ. ಒಂದು ಕಡೆ ಪೀಡೆಯೆನಿಸಿದ ವರ್ಗದ ಸದಸ್ಯನೇ ಇನ್ನೊಂದು ಕಡೆ ಕಾನೂನಿನ ರಕ್ಷಣೆ ಪಡೆದಿದೆ.

ಹೈಡ್ರಾಯ್ಡ್ ಎಂದರೆ ಶತ್ರುವೇ?

ಪೀಡೆ ಎಂಬ ಮಾತನ್ನೇ ಮರುವಿಚಾರಿಸುವಂತೆ ಮಾಡುವ ಕೆಲಸ ಮಾಲ್ಡೀವ್ಸ್‌ನಲ್ಲಿ ನಡೆದಿದೆ. ಜಾಂಕ್ಲಿಯಾ ಎಂಬ ಹೈಡ್ರಾಯ್ಡ್‌ನ ಕೆಲವು ಪ್ರಭೇದಗಳು ಜೀವಂತ ಗಟ್ಟಿ ಹವಳದ ಮೈಮೇಲೆಯೇ ವಾಸಿಸುತ್ತವೆ. ಇಂಥ ಸಹವಾಸವನ್ನು 2010ರ ಹೊತ್ತಿಗೆ ಸಂಶೋಧಕರು ಗಮನವಿಟ್ಟು ದಾಖಲಿಸತೊಡಗಿದ್ದರು. ಜಾಂಕ್ಲಿಯಾ ಇರುವ ಹವಳಗಳಿಗೆ, ಇಲ್ಲದ ಹವಳಗಳಿಗೆ ಹೋಲಿಸಿದರೆ, ಹವಳ ತಿನ್ನುವ ಪ್ರಾಣಿಗಳ ಕಾಟವೂ ಕಾಯಿಲೆಯೂ ಕಡಿಮೆ ಎಂದು ಇಟಲಿಯ ಸಿಮೋನೆ ಮೊಂಟಾನೊ ಮತ್ತು ಸಂಗಡಿಗರು 2017ರಲ್ಲಿ ವರದಿ ಮಾಡಿದರು. ಹವಳವನ್ನು ಸುಡುವ ಕುಟುಕುಕಣವೇ ಇಲ್ಲಿ ಹವಳಕ್ಕೆ ಕಾವಲು.

ಹಾಗೆಂದು ಟ್ಯಾಂಕಿನಲ್ಲಿ ಜೋಆಂತಿಡ್ ನುಂಗುವ ಹೈಡ್ರಾಯ್ಡನ್ನು ಮಿತ್ರನೆಂದು ಬಿಟ್ಟುಕೊಳ್ಳಬೇಕಿಲ್ಲ. ಹವಳದ ಜೀವಂತ ಪದರದ ಜೊತೆ ಹೊಂದಿಕೊಂಡು ಬೆಳೆದ ಪ್ರಭೇದವೇ ಬೇರೆ, ಅಂಚಿನಿಂದ ಮೇಲೇರಿ ಜಾಗ ಕಸಿಯುವ ಪ್ರಭೇದವೇ ಬೇರೆ. ಸನ್ಯಾಸಿ ಏಡಿಗಳ ಚಿಪ್ಪಿನ ಮೇಲೆ ಬೆಳೆಯುವ ಹೈಡ್ರಾಕ್ಟಿನಿಯಾ, ತನ್ನದೇ ಪ್ರಭೇದದ ಇನ್ನೊಂದು ಗುಂಪು ಎದುರಾದರೆ ಸ್ಟೋಲನ್ ತುದಿಗಳನ್ನು ಕುಟುಕುಕಣಗಳಿಂದ ತುಂಬಿ ಊದಿಸಿಕೊಂಡು ಕಾದಾಡುತ್ತದೆ. ಜಾಗಕ್ಕಾಗಿ ಹೀಗೆ ಹೋರಾಡುವ ಜೀವಿಯೊಂದಿಗೆ ಹವಳವನ್ನು ಕಾಪಾಡದೆ ಬಿಡುವುದು ಸರಿಯಲ್ಲ. ಆದರೆ ಕಂಡ ಕೂಡಲೇ ಕೊಲ್ಲುವ ಆತುರಕ್ಕಿಂತ ಮೊದಲು, ಹವಳ ನಿಜವಾಗಿಯೂ ಹಿಂದೆ ಸರಿಯುತ್ತಿದೆಯೇ ಎಂದು ವಾರಕ್ಕೊಮ್ಮೆ ಒಂದೇ ಕೋನದಿಂದ ಚಿತ್ರ ತೆಗೆದು ನೋಡುವುದು ಅಗತ್ಯ.

ತೀರ್ಮಾನವಾಗದೆ ಉಳಿದದ್ದು

ಈ ಐದು ಪಕ್ಷಗಳನ್ನು ಅಕ್ಕಪಕ್ಕ ಇಟ್ಟರೆ ಒಂದು ಕ್ರಮ ಮೂಡುತ್ತದೆ. ತಡೆ ಎಲ್ಲಕ್ಕಿಂತ ಅಗ್ಗ. ಸೋಂಕು ಚಿಕ್ಕದಿದ್ದಾಗ ಹೊರಗೆ ತೆಗೆದು ಬುಡ ಬದಲಿಸುವುದು ಭದ್ರ. ಹರಡಿದ ಮೇಲೆ ಆಹಾರ ತಗ್ಗಿಸುವುದು ಮತ್ತು ಕಂಡಲ್ಲಿ ಹಚ್ಚುವ ಮದ್ದು ಜೊತೆಜೊತೆಗೆ ಸಾಗಬೇಕು. ಇಡೀ ಟ್ಯಾಂಕಿಗೆ ಮದ್ದು ಕೊನೆಯ ಆಯ್ಕೆ. ಇಷ್ಟರ ಮಟ್ಟಿಗೆ ಸಾಕ್ಷ್ಯ ನಮ್ಮನ್ನು ಕರೆದೊಯ್ಯುತ್ತದೆ, ಅದರಾಚೆಗೆ ಪ್ರಶ್ನೆಗಳು ತೆರೆದೇ ಇವೆ.

ಮೊದಲನೆಯದು ಗುರುತಿನ ಪ್ರಶ್ನೆ. ಟ್ಯಾಂಕುಗಳಲ್ಲಿ ಕಾಣುವ ಹೈಡ್ರಾಯ್ಡ್‌ಗಳಲ್ಲಿ ಹೆಚ್ಚಿನವಕ್ಕೆ ಅಡ್ಡಹೆಸರು ಬಿಟ್ಟರೆ ವೈಜ್ಞಾನಿಕ ಗುರುತು ಖಚಿತವಾಗಿಲ್ಲ. ಪಾಲಿಪ್ ಒಂದು ರೂಪ, ಮೆಡುಸಾ ಇನ್ನೊಂದು ರೂಪವಾದ್ದರಿಂದ ಕಣ್ಣಳತೆ ಸಾಲದು, ವಂಶವಾಹಿ ಪರೀಕ್ಷೆ ಬೇಕು. ಎರಡನೆಯದು ಸ್ಟೋಲನ್ ಪ್ರಶ್ನೆ. ಪೆರಾಕ್ಸೈಡ್ ಆಗಲಿ ಫೆನ್‌ಬೆಂಡಜೋಲ್ ಆಗಲಿ ಕಲ್ಲಿನೊಳಗಿನ ಸುಪ್ತ ಸ್ಟೋಲನ್ನನ್ನು ಕೊಲ್ಲುತ್ತದೆಯೇ, ಎಷ್ಟು ಹೊತ್ತಿನಲ್ಲಿ, ಯಾವ ಪ್ರಮಾಣದಲ್ಲಿ? ಮದ್ದು ಹಾಕಿದ ತುಂಡನ್ನೂ ಹಾಕದ ತುಂಡನ್ನೂ ಅಕ್ಕಪಕ್ಕ ಇಟ್ಟು ತಿಂಗಳುಗಟ್ಟಲೆ ನೋಡದೆ ಇದಕ್ಕೆ ಉತ್ತರ ಸಿಗದು. ಮೂರನೆಯದು ಇಳಿತದ ಪ್ರಶ್ನೆ. ಪಳಗಿದ ಟ್ಯಾಂಕಿನಲ್ಲಿ ಹೈಡ್ರಾಯ್ಡ್ ಇಳಿಯುವುದು ಆಹಾರ ತಗ್ಗಿದ್ದರಿಂದಲೋ, ಸ್ಪರ್ಧಿಗಳು ಬಂದದ್ದರಿಂದಲೋ, ಕಣ್ಣಿಗೆ ಬೀಳದ ಭಕ್ಷಕರಿಂದಲೋ? ನಾಲ್ಕನೆಯದು, ಜಾಂಕ್ಲಿಯಾದಂಥ ಕಾವಲುಗಾರ ಸಹವಾಸ ಟ್ಯಾಂಕಿನ ಹವಳಗಳಲ್ಲಿಯೂ ಇದ್ದು, ನಾವು ಅದನ್ನು ಪೀಡೆಯೆಂದು ಉಜ್ಜಿ ತೆಗೆಯುತ್ತಿದ್ದೇವೆಯೇ?

ಈ ನಾಲ್ಕರಲ್ಲಿ ಮೊದಲಿನದಕ್ಕೆ ಉತ್ತರ ಸಿಕ್ಕರೆ ಉಳಿದ ಮೂರಕ್ಕೆ ದಾರಿ ತೆರೆಯುತ್ತದೆ. ಪ್ರಭೇದ ಯಾವುದೆಂದು ತಿಳಿದು ಬರೆದಿಟ್ಟ ಒಂದು ಸೋಲಿನ ದಾಖಲೆ, ಏನೆಂದು ತಿಳಿಯದೆ ಹೇಳುವ ಹತ್ತು ಗೆಲುವುಗಳಿಗಿಂತ ಮುಂದಿನವರಿಗೆ ಹೆಚ್ಚು ಉಪಯುಕ್ತ. ಹವಳ ಸಾಕುವವರು ಮತ್ತು ಹೈಡ್ರೊಜೋವಾ ಅಧ್ಯಯನ ಮಾಡುವವರು ಒಟ್ಟಾಗಿ ಆ ದಾಖಲೆ ಕಟ್ಟುವವರೆಗೂ, ಇಲ್ಲಿನ ಯಾವ ಉಪಾಯವನ್ನೂ ಕೊನೆಯ ಮಾತೆಂದು ಒಪ್ಪಿಕೊಳ್ಳುವಂತಿಲ್ಲ.